ಗಂಡೆದೆಯವಳು

ನಮ್ಮ ಸಾಲುಮನೆಗಳ ಬೀದಿಯಲ್ಲಿ ಒಂದು ರಿವಾಜಿದೆ. ಬೂದು ಬಣ್ಣದ ವ್ಯಾನು ತಿರುವಿನಲ್ಲಿ ಕಾಣಿಸಿಕೊಂಡರೆ ಯಾರೂ ಒಳಗೆ ಅವಿತುಕೊಳ್ಳುವಂತಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ತಂತಮ್ಮ ಗೇಟಿಗೆ ಬಂದು ನಿಲ್ಲಬೇಕು. ವ್ಯಾನು ಯಾವ ಗೇಟಿನ ಮುಂದೆ ನಿಲ್ಲುತ್ತದೋ, ವ್ಯಾನಿನ ಬಾಗಿಲು ತೆರೆಯುವ ಮೊದಲೇ ಅಕ್ಕಪಕ್ಕದವರು ಆ ಮನೆಯೊಳಗೆ ನುಗ್ಗಬೇಕು. ಆ ಮನೆಯವಳನ್ನು ಕುರ್ಚಿಯಲ್ಲಿ ಕೂರಿಸಬೇಕು, ಅಡುಗೆಮನೆಗೆ ಹೋಗಿ ಒಲೆ ಆರಿಸಬೇಕು. ಹಿಂದೊಮ್ಮೆ ಯಾರೋ ಸಾವಿನ ಸುದ್ದಿ ಕೇಳುತ್ತಾ ನಿಂತಿದ್ದಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ, ಪರದೆ, ಕಪಾಟು ಎಲ್ಲ ಸುಟ್ಟುಹೋಯಿತಂತೆ. ಸತ್ತವನು ಎಲ್ಲೋ ದೂರದಲ್ಲಿ ಸತ್ತ, ಉಳಿದವರು ಇಲ್ಲಿ ಸುಟ್ಟುಹೋಗಬಾರದು ಎಂದು ಹಿಂದಿನ ಹೆಂಗಸರು ಮಾಡಿಟ್ಟ ಕಾನೂನು ಅದು. ಸೈನ್ಯದ ಎಷ್ಟೋ ಕಾನೂನುಗಳಿಗಿಂತ ಇದರಲ್ಲಿ ಬುದ್ಧಿ ಜಾಸ್ತಿ ಇದೆ ಎಂದು ನನ್ನ ಅಭಿಪ್ರಾಯ.

ನಮ್ಮದು ಸಾಲಿನ ಕೊನೆಯ ಮನೆ. ಒಂದು ಪಕ್ಕಕ್ಕೆ ಕಾಂಪೌಂಡು, ಇನ್ನೊಂದು ಪಕ್ಕಕ್ಕೆ ಅಕ್ಕನ ಮನೆ. ಒಡಹುಟ್ಟಿದ ಅಕ್ಕನಲ್ಲ. ಆದರೆ ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ; ನಾನು ಈ ಕಡೆ ಕೆಮ್ಮಿದರೆ ಆ ಕಡೆಯಿಂದ ‘ನೀರು ಕುಡಿಯೇ’ ಎಂಬ ಮಾತು ಬರುತ್ತಿತ್ತು. ಅವಳು ಸೈನಿಕ ಆಸ್ಪತ್ರೆಯ ಲಾಂಡ್ರಿಯಲ್ಲಿ, ನಾನು ಸಮವಸ್ತ್ರ ಹೊಲಿಯುವ ವಿಭಾಗದಲ್ಲಿ. ನಾನು ಹೊಲಿದದ್ದನ್ನು ಸಿಪಾಯಿಗಳು ಕೊಳೆ ಮಾಡುತ್ತಾರೆ, ಅವಳು ಒಗೆಯುತ್ತಾಳೆ, ಹರಿದರೆ ತಿರುಗಿ ನನ್ನ ಮೇಜಿಗೇ ಬರುತ್ತದೆ. ಸೈನ್ಯ ನಡೆಯುವುದೇ ನಮ್ಮಿಬ್ಬರಿಂದ ಎಂದು ಅವಳು ಸಾಹೇಬರ ಎದುರಿಗೇ ಹೇಳಿದ್ದಳು. ನನ್ನ ಗಂಡ ವಾಹನ ರಿಪೇರಿಯ ಶೆಡ್ಡಿನಲ್ಲಿದ್ದವರು, ಕಾಯಿಲೆಯಲ್ಲಿ ಹೋದರು. ಅವಳ ಗಂಡ ಉಪ್ಪು ತರುತ್ತೇನೆಂದು ಹೋದವನು ತಿರುಗಿ ಬರಲೇ ಇಲ್ಲ. ‘ಅಂಗಡಿ ಉಪ್ಪು ಹಿಡಿಸಲಿಲ್ಲ, ಸಮುದ್ರಕ್ಕೇ ಹೋಗಿದಾನೆ’ ಎಂದು ಅವಳೇ ನಗುತ್ತಿದ್ದಳು.

ಇಬ್ಬರಿಗೂ ಒಬ್ಬೊಬ್ಬ ಮಗ. ಅವಳ ಮಗ ಗುಂಡ, ನನ್ನ ಮಗ ಕಡ್ಡಿ. ಇವು ಬೀದಿಯವರು ಇಟ್ಟ ಹೆಸರು. ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಕೇಳಿಸುತ್ತಿತ್ತು. ಯಾರ ಮನೆಯಲ್ಲಿ ಅಡುಗೆ ಬೇಗ ಆಗುತ್ತದೋ ಅಲ್ಲಿ ಇಬ್ಬರೂ ಉಂಡು, ಯಾರ ಮನೆಯಲ್ಲಿ ನಿದ್ದೆ ಬರುತ್ತದೋ ಅಲ್ಲಿ ಇಬ್ಬರೂ ಮಲಗಿ ದೊಡ್ಡವರಾದರು. ಕಡ್ಡಿ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದ, ಗುಂಡ ನನ್ನನ್ನು ಚಿಕ್ಕಮ್ಮ ಅನ್ನುತ್ತಿದ್ದ. ಸೈನ್ಯಕ್ಕೆ ಸೇರಿದ್ದೂ ಒಂದೇ ದಿನ, ಹೋಗಿ ಬಿದ್ದದ್ದೂ ಒಂದೇ ತುಕಡಿಗೆ.

ಅವರಿಬ್ಬರ ತಲೆಗೆ ಸೈನ್ಯದ ಹುಳ ಬಿಟ್ಟವರು ಮಾವ, ನನ್ನ ಗಂಡನ ತಂದೆ. ಸುಬೇದಾರರಾಗಿ ನಿವೃತ್ತರಾದವರು. ಸಂಜೆಯಾದರೆ ಮನೆ ಮುಂದಿನ ಬೆಂಚೇ ಅವರಿಗೆ ಸಿಂಹಾಸನ. ಪುರಾಣದ ಯುದ್ಧಕ್ಕೂ ತಾವು ಕಂಡ ಯುದ್ಧಕ್ಕೂ ನಡುವೆ ಅವರು ಬೇಲಿ ಹಾಕಿರಲಿಲ್ಲ. ಒಂದರಲ್ಲಿ ಬಿಟ್ಟ ಬಾಣ ಇನ್ನೊಂದರಲ್ಲಿ ಹೋಗಿ ನಾಟುತ್ತಿತ್ತು. ಸೋತ ಕಥೆಯನ್ನೂ ಗೆದ್ದ ಹಾಗೆ ಹೇಳುತ್ತಿದ್ದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ.

ಒಂದು ಸಂಜೆ ಬಿಲ್ಲುವಿದ್ಯೆಯ ಗುರುವಿನ ಕಥೆ ಬಂತು. ಯುದ್ಧದ ನಡುವೆ ನಿನ್ನ ಮಗ ಸತ್ತ ಎಂದು ಯಾರೋ ಹೇಳುತ್ತಾರೆ; ಆ ಮುದುಕ ಬಿಲ್ಲು ಕೆಳಗಿಟ್ಟು ಕೂತುಬಿಡುತ್ತಾನೆ. ಸತ್ತಿರುವುದು ಮಗನಲ್ಲ, ಅದೇ ಹೆಸರಿನ ಒಂದು ಆನೆ.

‘ವಿಚಾರಿಸಬೇಕು ತಾನೇ?’ ಎಂದರು ಮಾವ, ಆ ಗುರು ತಮ್ಮ ಕೈಕೆಳಗಿನ ಸಿಪಾಯಿಯೇನೋ ಎಂಬಂತೆ. ‘ಅಷ್ಟು ದೊಡ್ಡ ಬಿಲ್ಲುಗಾರ, ಒಂದು ಮಾತಿಗೆ ಆಯುಧ ಕೆಳಗಿಟ್ಟ. ನನ್ನ ಹತ್ರ ಬಂದು ಹೇಳ್ಲಿ ನೋಡೋಣ. ನಿಂತ ಜಾಗ ಬಿಟ್ಟು ಕದಲಲ್ಲ ನಾನು.’

ಅಕ್ಕ ಬಟಾಣಿ ಸುಲಿಯುತ್ತಾ ಕೂತಿದ್ದಳು. ‘ಅದಿರ್ಲಿ ಮಾವ, ಆನೆಯ ಮಾವುತನಿಗೆ ಯಾರು ಹೇಳಿದ್ರು?’

‘ಯುದ್ಧದ ಕಥೇಲಿ ಮಾವುತ ಎಲ್ಲಿಂದ ಬಂದ?’

‘ಮತ್ತೆ ಆನೆ ಒಂದೇ ವಿಳಾಸ ಕೇಳ್ಕೊಂಡು ಯುದ್ಧಕ್ಕೆ ಬಂತಾ?’

ಬೀದಿಯೆಲ್ಲ ನಕ್ಕಿತು. ಮಾವನಿಗೆ ಸಿಟ್ಟು ಬಂದು, ಹೆಂಗಸರಿಗೆ ಕಥೆ ಹೇಳುವುದೂ ಒಂದೇ, ನೀರು ಕಡೆಯುವುದೂ ಒಂದೇ ಎಂದು ಎದ್ದು ಒಳಗೆ ಹೋದರು. ಮರುದಿನ ತಾವಾಗಿಯೇ ಬಂದು ಬೆಂಚಿನಲ್ಲಿ ಕೂತರು ಅನ್ನಿ. ಕೇಳುವವರಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವರ ಇನ್ನೊಂದು ಹುಚ್ಚು ಹಿತ್ತಾಳೆ. ನಮ್ಮ ಬೀದಿಯ ಪ್ರತಿ ಬಾಗಿಲಿಗೂ ಹಿತ್ತಾಳೆಯ ನಂಬರು ತಗಡು ಇದೆ. ವಾರಕ್ಕೊಮ್ಮೆ ಅವರು ನಮ್ಮದನ್ನೂ, ಗಂಡಸರಿಲ್ಲದ ಮನೆ ಎಂದು ಅಕ್ಕನದ್ದನ್ನೂ ಸ್ಕ್ರೂ ಬಿಚ್ಚಿ ಇಳಿಸಿ, ಹಳೆ ಪೇಪರಿನ ಮೇಲೆ ಇಟ್ಟುಕೊಂಡು, ಪಾಲಿಶ್ ಹಚ್ಚಿ ಉಜ್ಜುತ್ತಿದ್ದರು. ಬೆಲ್ಟಿನ ಬಕಲ್ಲು ಉಜ್ಜಿ ಉಜ್ಜಿ ಬೆಳೆದ ಕೈ, ಸುಮ್ಮನಿರುತ್ತದೆಯೇ? ಅಂಕಿಗಳು ಸವೆದು, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟಾಗಿದ್ದವು. ನಮಗೇನು ತೊಂದರೆ? ನಂಬರು ನೋಡಿಕೊಂಡು ನಮ್ಮ ಮನೆಗೆ ಬರುವವರು ಯಾರೂ ಇರಲಿಲ್ಲ.

ವ್ಯಾನು ಬಂದ ದಿನ ನನಗೆ ರಜೆ. ಒಲೆಯ ಮೇಲೆ ಈರುಳ್ಳಿ ಬಾಡುತ್ತಿತ್ತು. ಹೊರಗೆ ಗೇಟುಗಳು ಒಂದೊಂದಾಗಿ ಕಿರುಗುಟ್ಟಿದವು. ಆ ಸದ್ದಿನ ಅರ್ಥ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಸೌಟು ಹಿಡಿದುಕೊಂಡೇ ಹೋಗಿ ನಿಂತೆ. ಪಕ್ಕದ ಗೇಟಿನಲ್ಲಿ ಅಕ್ಕ ನಿಂತಿದ್ದಳು. ವ್ಯಾನು ಒಂದೊಂದೇ ಮನೆ ದಾಟಿತು. ಪ್ರತಿ ಗೇಟಿನ ಮುಂದೆಯೂ ನಿಧಾನ ಮಾಡಿ, ಒಳಗಿದ್ದವರು ಕತ್ತು ಚಾಚಿ ಬಾಗಿಲು ನೋಡಿ, ಮತ್ತೆ ಮುಂದಕ್ಕೆ ಹೋಗುತ್ತಿದ್ದರು. ಅಕ್ಕನ ಮನೆಯನ್ನೂ ದಾಟಿತು. ದಾಟಿ ನಮ್ಮ ಗೇಟಿನ ಮುಂದೆ ನಿಂತಿತು.

ಯಾರೋ ಒಳಗಿನಿಂದ ಮೈನ್ ಸ್ವಿಚ್ ಆರಿಸಿದ ಹಾಗಾಯಿತು. ನೋವು, ಗಾಬರಿ, ಯಾವುದೂ ಬರಲಿಲ್ಲ. ಅಕ್ಕ ಓಡಿ ಬಂದು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಸೌಟು ಕಿತ್ತುಕೊಂಡಳು. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೋಪಿನ ನೀರಿನಲ್ಲಿ ಬೆಂದ ಕೈಗಳು, ಒರಟಾಗಿ ಬೆಚ್ಚಗಿದ್ದವು.

ಬಂದ ಸಾಹೇಬರು ತೀರ ಚಿಕ್ಕ ವಯಸ್ಸಿನವರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅವರ ಎಡತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಎರಡು ಹೊಲಿಗೆ ಹಾಕಿದರೆ ನಿಲ್ಲುತ್ತದೆ ಎಂದು ನಾನು ಅದನ್ನೇ ನೋಡುತ್ತಿದ್ದೆ. ಮೊದಲು ಹೆಸರು ಕೇಳಿ ಖಚಿತ ಮಾಡಿಕೊಳ್ಳಬೇಕು ಎಂದು ಅವರಿಗೆ ಕಲಿಸಿರುತ್ತಾರೆ. ಅವರಿಗೆ ಅದು ಮೊದಲನೇ ಮನೆಯಿರಬೇಕು, ಮರೆತರು.

‘ಅಮ್ಮ,’ ಎಂದರು, ‘ನಿಮ್ಮ ಮಗ ನಿನ್ನೆ ಬೆಳಿಗ್ಗೆ ತೀರ್ಕೊಂಡ್ರು. ಗಾಯ ಆಗಿದ್ದ ಇಬ್ಬರನ್ನ ಹೊತ್ಕೊಂಡು ಬಂದ್ರು. ಮೂರನೆಯವರನ್ನ ತರೋಕೆ ಮತ್ತೆ ಹೋದ್ರು. ಬೇಡ ಅಂದ್ರೂ ಹೋದ್ರು. ಅವರಂಥ ಧೈರ್ಯಶಾಲಿನ ನಾವು ನೋಡಿಲ್ಲ.’

ಮಾವ ಗೋಡೆಯ ಪಕ್ಕ ಸೆಟೆದು ನಿಂತಿದ್ದರು. ‘ಮೂರನೇ ಸಲ ಹೋದ್ನಾ?’ ಎಂದು ಕೇಳಿದರು.

‘ಹೌದು ಸರ್.’

‘ನನ್ನ ಮೊಮ್ಮಗ’ ಎಂದರು ಮಾವ. ಕೈ ಎತ್ತಿ ಸೆಲ್ಯೂಟ್ ಹೊಡೆದರು. ಹೇಳಿದಂತೆಯೇ ನಡೆದುಕೊಂಡರು, ನಿಂತ ಜಾಗದಿಂದ ಕದಲಲಿಲ್ಲ.

ಅತ್ತವಳು ಅಕ್ಕ ಒಬ್ಬಳೇ. ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ‘ಕಡ್ಡೀ, ನನ್ನ ಕಡ್ಡೀ’ ಎಂದು ಅತ್ತಳು. ಬಾಗಿಲಲ್ಲಿ ಬೀದಿಯ ಹೆಂಗಸರು ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಮುಖ ಒರೆಸಿಕೊಂಡಳು. ಸಾಹೇಬರ ಕಡೆ ತಿರುಗಿದಳು. ಇಂಥ ಹೊತ್ತಿನಲ್ಲಿ ಇದನ್ನು ಕೇಳಬಾರದು ಎಂದು ಗೊತ್ತಿದ್ದವಳ ಹಾಗೆ, ದನಿ ತಗ್ಗಿಸಿ ಕೇಳಿದಳು.

‘ಸಾಹೇಬ್ರೇ, ನನ್ನ ಮಗನೂ ಅದೇ ತುಕಡಿ. ಅವನು ಚೆನ್ನಾಗಿದಾನಾ?’ ಎಂದು ಗುಂಡನ ಪೂರ್ತಿ ಹೆಸರು ಹೇಳಿದಳು.

ಸಾಹೇಬರು ಕೈಯಲ್ಲಿದ್ದ ಕಾಗದ ನೋಡಿದರು. ಬಾಗಿಲಿನ ಕಡೆ ನೋಡಿದರು. ಮತ್ತೆ ಕಾಗದ ನೋಡಿದರು. ಅವರ ಮುಖ ಬಿಳಿಚಿಕೊಂಡದ್ದು ನನಗೆ ಕಾಣಿಸಿತು. ಮಾವ ಹೊರಗೆ ಹೋಗಿ ನಮ್ಮ ಬಾಗಿಲಿನ ತಗಡಿನ ಹತ್ತಿರ ಕಣ್ಣಿಟ್ಟು ನೋಡಿದರು. ಆಮೇಲೆ ಅಕ್ಕನ ಬಾಗಿಲಿಗೆ ಹೋಗಿ ಅಲ್ಲಿಯೂ ನೋಡಿದರು. ಉಜ್ಜಿ ತಿರುಗಿ ಹಾಕುವಾಗ ಎರಡೂ ತಗಡು ಅದಲುಬದಲಾಗಿದ್ದವು.

ಅಕ್ಕ ನನ್ನ ಕೈಯನ್ನು ನಿಧಾನವಾಗಿ ನನ್ನ ಮಡಿಲಿಗೆ ಇಟ್ಟಳು. ‘ಒಲೆ ಮೇಲೆ ನೀರಿಟ್ಟಿದ್ದೆ’ ಎಂದಳು. ರಿವಾಜಿನ ಪ್ರಕಾರ ಅದು ನನ್ನ ಕೆಲಸ. ಅವಳ ಪಕ್ಕದ ಮನೆಯವಳು ನಾನು. ನನ್ನ ಕಾಲು ಏಳಲಿಲ್ಲ. ಅವಳೇ ಎದ್ದು ತನ್ನ ಮನೆಗೆ ಹೋದಳು. ಅವಳೇ ತನ್ನ ಒಲೆ ಆರಿಸಿದಳು. ಕುರ್ಚಿ ಎಳೆದ ಸದ್ದು ಗೋಡೆಯಾಚೆಯಿಂದ ಕೇಳಿಸಿತು.

‘ಬನ್ನಿ ಸಾಹೇಬ್ರೇ,’ ಎಂದು ಅಲ್ಲಿಂದ ಕರೆದಳು. ‘ಇಲ್ಲಿ ಬಂದು ಇನ್ನೊಂದು ಸಲ ಹೇಳಿ.’

ಅದೇ ಮಾತುಗಳನ್ನು ನಾನು ಗೋಡೆಯ ಈ ಕಡೆ ಕೂತು ಎರಡನೇ ಸಲ ಕೇಳಿದೆ. ಇಬ್ಬರನ್ನು ಹೊತ್ತು ತಂದರು, ಮೂರನೆಯವರಿಗಾಗಿ ಹೋದರು, ಬೇಡ ಅಂದರೂ ಹೋದರು. ಈ ಸಲ ಸಾಹೇಬರು ಹೆಸರು ಹೇಳಿದರು.

ಕಡ್ಡಿ ಬದುಕಿದ್ದ. ಮರುದಿನ ಫೋನು ಮಾಡಿ, ‘ಅಮ್ಮ, ನಾನು ಚೆನ್ನಾಗಿದೀನಿ’ ಎಂದ. ‘ಸರಿ’ ಎಂದೆ. ‘ಜ್ವರ ಬಂದಿತ್ತು, ಹಿಂದಿನ ಶಿಬಿರದಲ್ಲಿ ಮಲಗಿದ್ದೆ’ ಎಂದ. ‘ಮಾತ್ರೆ ತಗೊಂಡ್ಯಾ?’ ಎಂದು ಕೇಳಿದೆ. ಫೋನಿಟ್ಟು, ಸಂತೋಷ ಈಗ ಬರುತ್ತದೆ ಎಂದು ಕಾದೆ. ಸತ್ತ ಮಗ ಎದ್ದು ಬಂದಿದ್ದಾನೆ, ಬರದೆ ಎಲ್ಲಿಗೆ ಹೋಗುತ್ತದೆ? ಪಾತ್ರೆ ತೊಳೆದೆ, ನೆಲ ಒರೆಸಿದೆ, ಕಾದೆ. ಬರಲಿಲ್ಲ. ದುಃಖಕ್ಕಾಗಿಯೂ ಕಾದೆ, ಗುಂಡ ನನ್ನ ಕೈಯಲ್ಲೇ ಅನ್ನ ತಿಂದು ಬೆಳೆದವನು. ಅದೂ ಬರಲಿಲ್ಲ. ಆರಿಸಿದ ಸ್ವಿಚ್ಚನ್ನು ಹಾಕುವುದು ಎಲ್ಲಿ ಎಂದೇ ತಿಳಿಯಲಿಲ್ಲ.

ಕೆಲಸಕ್ಕೆ ಹೋದೆ. ಒಂದು ದಿನ ಮಿಷನ್ನಿನ ಸೂಜಿ ತೋರುಬೆರಳಿಗೆ ಇಳಿಯಿತು. ಖಾಕಿಯ ಮೇಲೆ ಕೆಂಪು ಕಂಡ ಮೇಲೆ ನನಗೆ ಗೊತ್ತಾದದ್ದು. ನಮ್ಮ ವಿಭಾಗದ ಮೇಲ್ವಿಚಾರಕಿ ಬಟ್ಟೆ ಸುತ್ತುತ್ತಾ, ‘ಒಂದು ಹನಿ ಕಣ್ಣೀರಿಲ್ಲ ನೋಡಿ’ ಎಂದು ಎಲ್ಲರಿಗೂ ತೋರಿಸಿದಳು. ಆಕೆಯೇ ವ್ಯಾನಿನ ದಿನದ ಕಥೆಯನ್ನೂ ಹಬ್ಬಿಸಿದ್ದು. ಮಗ ಸತ್ತ ಅಂದಾಗಲೂ ಅಳಲಿಲ್ಲ, ಇದ್ದಾನೆ ಅಂದಾಗಲೂ ಕುಣಿಯಲಿಲ್ಲ, ಗಂಡೆದೆ ಅಂದರೆ ಅದು ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದಳು. ಶಿಬಿರದ ಪತ್ರಿಕೆಯವರು ಬಂದು ನನ್ನ ಚಿತ್ರ ತೆಗೆದುಕೊಂಡರು. ಸುದ್ದಿ ಕೇಳಿಯೂ ಅಲುಗದ ತಾಯಿ ಎಂದು ಬರೆದರು. ಅಲುಗುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ, ಮಹಾರಾಯ ಎಂದು ಹೇಳಬೇಕೆನಿಸಿತು. ಹೇಳುವಷ್ಟು ಆಸಕ್ತಿಯೂ ಇರಲಿಲ್ಲ.

ಪುರಾಣದಲ್ಲಿ ಎದೆಗೆ ಬಾಣ ನಾಟಿದ್ದರೂ ನಗುತ್ತಾ ನಿಂತವರು ಬರುತ್ತಾರೆ. ಅವರ ಧೈರ್ಯಕ್ಕೆ ದೇವತೆಗಳು ಹೂವಿನ ಮಳೆ ಸುರಿಸುತ್ತಾರೆ. ಅವರಿಗೂ ನನ್ನ ಹಾಗೇ ಆಗಿತ್ತೇನೋ ಎಂದು ಈಗ ಅನುಮಾನ. ನೋವಾಗದವನಿಗೆ ಧೈರ್ಯ ಯಾಕೆ ಬೇಕು? ಮಾವನನ್ನು ಕೇಳಬಹುದಿತ್ತು. ಆದರೆ ಮಾವ ಬೆಂಚಿಗೆ ಬರುವುದನ್ನು ಬಿಟ್ಟಿದ್ದರು. ತಗಡುಗಳನ್ನು ಸರಿಯಾಗಿ ತಿರುಗಿ ಹಾಕಿದವರು, ಪಾಲಿಶ್ ಡಬ್ಬಿಯನ್ನು ಕಸಕ್ಕೆ ಎಸೆದು, ಕೋಣೆ ಸೇರಿ ಗೋಡೆ ನೋಡಿಕೊಂಡು ಕೂತರು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದ್ದನ್ನು ತಿನ್ನುತ್ತಿದ್ದರು. ಹಿತ್ತಾಳೆ ಹಸಿರು ಕಟ್ಟತೊಡಗಿತು.

ಅಕ್ಕನಿಗೆ ಪದಕ ಬಂತು. ದೊಡ್ಡ ಸಾಹೇಬರು ಮೈದಾನದಲ್ಲಿ ಕೊಟ್ಟರು, ಅವಳು ತಗೊಂಡು ಬಂದಳು. ಕೆಲಸಕ್ಕೂ ಹೋದಳು. ಎದುರಾದರೆ ‘ಊಟ ಆಯ್ತಾ’ ಎಂದು ಕೇಳುತ್ತಿದ್ದಳು, ಉತ್ತರಕ್ಕೆ ಮೊದಲೇ ಮುಂದೆ ಹೋಗುತ್ತಿದ್ದಳು. ನಾನು ಕೆಮ್ಮಿದರೂ ಗೋಡೆಯಾಚೆಯಿಂದ ಮಾತು ಬರುತ್ತಿರಲಿಲ್ಲ. ನನ್ನ ಮಗ ಉಳಿದ, ಅವಳ ಮಗ ಹೋದ, ಇನ್ನೇನು ಮಾತಾಡಿಯಾಳು ಎಂದು ನಾನೂ ಸುಮ್ಮನಿದ್ದೆ.

ಕಡ್ಡಿ ರಜೆಯ ಮೇಲೆ ಬಂದ. ಬಾಗಿಲಲ್ಲಿ ಚೀಲ ಇಟ್ಟು ನಿಂತ. ಮೊದಲೇ ಕಡ್ಡಿ, ಈಗ ಸಮವಸ್ತ್ರವನ್ನು ಗೂಟಕ್ಕೆ ತೂಗುಹಾಕಿದ ಹಾಗಿದ್ದ. ‘ಬಂದ್ಯಾ? ಕೈಕಾಲು ತೊಳ್ಕೋ’ ಎಂದೆ. ಅವನು ಬಂದು ತಬ್ಬಿಕೊಂಡ. ನಾನೂ ಅವನ ಬೆನ್ನಿಗೆ ಕೈ ಹಾಕಿದೆ. ಭುಜ ಅರ್ಧ ಇಂಚು ಇಳಿದಿದೆ, ಸೊಂಟದಲ್ಲಿ ಹೊಲಿಗೆ ಒಳಗೆ ಹಿಡಿಯಬೇಕು ಎಂದು ಕೈ ತನ್ನಷ್ಟಕ್ಕೆ ಅಳತೆ ತೆಗೆದುಕೊಂಡಿತು. ನನ್ನ ಮಗ ಎಂದು ಅದಕ್ಕೆ ತಿಳಿಯಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೆಯೇ ಇದ್ದು, ತಾನೇ ಬಿಡಿಸಿಕೊಂಡ.

ಸಂಜೆ ಪಕ್ಕದ ಮನೆಗೆ ಹೋದ. ನಾನು ಗೋಡೆಯ ಈ ಕಡೆ ಅಕ್ಕಿ ಆರಿಸುತ್ತಿದ್ದೆ. ಅಕ್ಕನ ದನಿ ಕೇಳಿಸಿತು.

‘ಒಬ್ಬನೇ ಯಾಕೋ ಬಂದೆ?’

ಅವನು ಏನು ಹೇಳಿದನೋ. ಅವಳು ಅಳುವುದಕ್ಕೆ ಶುರು ಮಾಡಿದಳು. ನಡುನಡುವೆ ಅವನ ಬೆನ್ನಿಗೆ ಗುದ್ದುವ ಸದ್ದೂ ಬಂತು. ‘ಇಷ್ಟು ಸಣ್ಣ ಆಗಿದೀಯ, ಯಾರೂ ಅನ್ನ ಹಾಕಲ್ವೇನೋ ಅಲ್ಲಿ’ ಎಂದು ಬೈದಳು. ಬದುಕಿ ಬಂದ ಮಗನನ್ನು ತಾಯಿ ಹೇಗೆ ಬರಮಾಡಿಕೊಳ್ಳಬೇಕೋ ಹಾಗೆ ಅವಳು ನನ್ನ ಮಗನನ್ನು ಬರಮಾಡಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು ಎಂದಾದರೂ ಹೇಳಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು, ತೆಗೆದು ಹಾಕಿದೆ.

ಊಟಕ್ಕೆ ಕೂತಾಗ ಕಡ್ಡಿ ವಿಷಯ ತೆಗೆದ. ಮುಂದಿನ ತಿಂಗಳಿಗೆ ಅವನ ಅವಧಿ ಮುಗಿಯುತ್ತದೆ. ಮುಂದುವರಿಯುತ್ತಾನೋ ಇಲ್ಲವೋ ಎಂದು ಹಿಂದಿರುಗಿದ ಕೂಡಲೇ ಹೇಳಬೇಕು. ಒಪ್ಪಿ ಸಹಿ ಹಾಕಿದರೆ ಇನ್ನೂ ಎಷ್ಟೋ ವರ್ಷ, ಅದೇ ತುಕಡಿ, ಅದೇ ಜಾಗ. ಹಾಕದಿದ್ದರೆ ಮನೆ.

‘ನೀನು ಏನಂತೀಯ ಅಮ್ಮ?’

ಮಾವ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು.

‘ನಿನ್ನಿಷ್ಟ ಕಣೋ’ ಎಂದೆ.

‘ಸಹಿ ಹಾಕಲಾ ಹಾಗಾದ್ರೆ?’

‘ಹಾಕು. ನಿನಗೆ ಸರಿ ಅನ್ನಿಸಿದ್ರೆ ಹಾಕು.’

ಅವನು ಅನ್ನ ಕಲಸುತ್ತಾ ಕೂತ. ಎರಡು ದಿನ ಬಿಟ್ಟು, ನಾನು ಅವನ ಅಂಗಿಯ ಸೊಂಟ ಹಿಡಿಯುತ್ತಿದ್ದಾಗ ಬಂದು ಮತ್ತೆ ಅದನ್ನೇ ಕೇಳಿದ. ನಾನು ಬಾಯಲ್ಲಿ ದಾರ ಕಚ್ಚಿಕೊಂಡೇ ಅದೇ ಉತ್ತರ ಕೊಟ್ಟೆ. ‘ನಿನಗೆ ಭಯ ಆಗಲ್ವಾ ಅಮ್ಮ?’ ಎಂದ. ಇಲ್ಲ ಎಂದೆ. ಸುಳ್ಳಲ್ಲ, ನಿಜವಾಗಿಯೂ ಆಗುತ್ತಿರಲಿಲ್ಲ. ‘ನೀನು ಗಂಡೆದೆಯವಳು ಅಂತ ಅಲ್ಲಿ ಪತ್ರಿಕೆ ಗೋಡೆಗೆ ಅಂಟಿಸಿದಾರೆ’ ಎಂದು ನಕ್ಕ. ನಗು ಅರ್ಧಕ್ಕೆ ನಿಂತಿತು.

ಅವನು ಹೊರಡುವ ದಿನ ಬೆಳಿಗ್ಗೆ ಅಕ್ಕ ಹಿತ್ತಲ ಬಾಗಿಲಿನಿಂದ ಬಂದಳು. ವ್ಯಾನು ಬಂದ ದಿನದ ನಂತರ ನಮ್ಮ ಅಡುಗೆಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕಡ್ಡಿ ಸ್ನಾನಕ್ಕೆ ಹೋಗಿದ್ದ. ಅವಳು ಕೂರಲಿಲ್ಲ.

‘ಅವನಿಗೆ ಏನು ಹೇಳ್ದೆ?’

‘ನಿನ್ನಿಷ್ಟ ಅಂದೆ.’

‘ನಿನ್ನ ತಲೆ’ ಎಂದಳು ಅಕ್ಕ. ‘ಅವನು ನಿನ್ನ ಬಾಯಿಂದ ಬೇಡ ಅನ್ನಿಸ್ಕೊಳ್ಳೋಕೆ ಬಂದಿರೋದು ಕಣೇ. ಗುಂಡ ಮೂರು ಸಲ ಬೆಂಕಿಗೆ ಹೋದ, ನಾನು ಜ್ವರ ಅಂತ ಮಲಗಿದ್ದೆ, ಈಗ ಬಿಟ್ಟು ಬಂದ್ರೆ ಜನ ಹೇಡಿ ಅಂತಾರೆ ದೊಡ್ಡಮ್ಮ ಅಂತ ನನ್ನ ಹತ್ರ ಅತ್ತ. ಅಮ್ಮ ಬಿಡ್ಲಿಲ್ಲ ಅಂತ ಒಂದು ಮಾತು ಇದ್ರೆ ಬಂದುಬಿಡ್ತಾನೆ. ಅಷ್ಟಕ್ಕೇ ಕಾಯ್ತಾ ಇದಾನೆ. ನೀನು ನೋಡಿದ್ರೆ ಪತ್ರಿಕೇಲಿ ಬಂದ ಹಾಗೆ ಮಾತಾಡ್ತೀಯ.’

‘ನನಗೆ ಏನೂ ಅನ್ನಿಸ್ತಾ ಇಲ್ಲ ಅಕ್ಕ’ ಎಂದೆ. ಯಾರಿಗೂ ಹೇಳಿರಲಿಲ್ಲ ಅದನ್ನು. ‘ಅವನು ಬಂದಾಗ್ಲೂ ಏನೂ ಅನ್ನಿಸ್ಲಿಲ್ಲ. ಬೇಡ ಅನ್ನೋಕೆ ಒಳಗಿಂದ ಬರ್ಬೇಕಲ್ಲ. ಬರ್ತಾ ಇಲ್ಲ.’

ಅವಳು ನನ್ನ ಮುಖವನ್ನೇ ನೋಡಿದಳು. ‘ಒಳಗಿಂದ ಬರೋದು ಬೇಡ. ಬಾಯಿಂದ ಬಂದ್ರೆ ಸಾಕು.’

‘ನೀನೇ ಹೇಳು ಅವನಿಗೆ.’

‘ಹೇಳ್ದೆ. ದೊಡ್ಡಮ್ಮ ಬಿಡ್ಲಿಲ್ಲ ಅಂದ್ರೆ ಯಾರು ಕೇಳ್ತಾರೆ? ನಾನೇನು ಅವನನ್ನ ಹೆತ್ತಿದೀನಾ?’ ಬಾಗಿಲವರೆಗೆ ಹೋದವಳು ನಿಂತಳು. ‘ಆ ದಿನ ನಿನ್ನ ಒಲೆ ಆರಿಸ್ತಾ ಇದ್ದಾಗ, ಸದ್ಯ, ನನ್ನ ಮನೆ ಅಲ್ಲ ಅಂದ್ಕೊಂಡೆ. ಹಾಗಂದ್ಕೊಂಡೇ ಬಂದು ನಿನ್ನ ಕೈ ಹಿಡ್ಕೊಂಡೆ. ಅದಕ್ಕೇ ಇಷ್ಟು ದಿನ ನಿನ್ನ ಮುಖ ನೋಡೋಕೆ ಆಗ್ಲಿಲ್ಲ. ನಿನ್ನ ಮೇಲೆ ಸಿಟ್ಟಿಂದ ಅಲ್ಲ.’

ಅವಳು ಹೋದಳು. ನಾನು ಕಡ್ಡಿಯ ಬುತ್ತಿ ಕಟ್ಟಿದೆ. ಕಟ್ಟುತ್ತಾ ಬೇಡ ಎಂಬ ಮಾತನ್ನು ಬಾಯಲ್ಲಿ ಹೇಳಿ ನೋಡಿದೆ. ಬೇರೆ ಯಾರದೋ ಮನೆಯ ಪಾತ್ರೆಯ ಹಾಗಿತ್ತು. ಅವನು ಬಂದು ಕಾಲು ಮುಟ್ಟಿದಾಗಲೂ, ಚೀಲ ಹೆಗಲಿಗೆ ಹಾಕಿಕೊಂಡಾಗಲೂ, ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಬೇರೆ ಯಾರೂ ಇಲ್ಲದಿದ್ದಾಗಲೂ ಹೇಳಲಾಗಲಿಲ್ಲ. ಮಾವ ಹಿಂದೆ ಕೋಲೂರಿಕೊಂಡು ಬರುತ್ತಿದ್ದರು. ಕೋಣೆ ಬಿಟ್ಟು ಅಷ್ಟು ದೂರ ಅವರು ಬಂದದ್ದೇ ಆಶ್ಚರ್ಯ. ಪದಕಗಳ ಹಳೆಯ ಕೋಟು ಹಾಕಿಕೊಂಡಿದ್ದರು.

ಶಿಬಿರದ ದೊಡ್ಡ ಗೇಟಿನ ಹತ್ತಿರ ಲಾರಿ ನಿಂತಿತ್ತು. ರಜೆ ಮುಗಿಸಿ ಹೊರಟವರೆಲ್ಲ ಹತ್ತುತ್ತಿದ್ದರು. ಬೀದಿಯ ಹೆಂಗಸರು ಬಂದಿದ್ದರು, ಹೊಲಿಗೆ ವಿಭಾಗದವರು ಬಂದಿದ್ದರು, ಪತ್ರಿಕೆಯವನು ಕ್ಯಾಮೆರಾ ತಂದಿದ್ದ. ಮೇಲ್ವಿಚಾರಕಿ ನನ್ನನ್ನು ಮುಂದಕ್ಕೆ ತಳ್ಳಿ, ‘ಸತ್ತ ಅಂತ ಸುದ್ದಿ ಬಂದ ಮಗನನ್ನ ಮತ್ತೆ ಕಳಿಸ್ತಾ ಇದಾರೆ, ನೋಡಿ ಎದೆ ಅಂದ್ರೆ ಇದು’ ಎಂದು ಪಕ್ಕದವಳಿಗೆ ಹೇಳಿದಳು. ಕೆಲವರು ಚಪ್ಪಾಳೆ ತಟ್ಟಿದರು. ಅಕ್ಕ ಹಿಂದೆ ಎಲ್ಲೋ ನಿಂತಿದ್ದಳು.

ಕಡ್ಡಿ ಲಾರಿ ಹತ್ತಿ ಹಿಂಬದಿಯ ಹಲಗೆ ಹಿಡಿದುಕೊಂಡು ನಿಂತ. ಎಲ್ಲರೂ ಕೈ ಬೀಸುತ್ತಿದ್ದರು, ಅವನು ಬೀಸಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಏನಾದರೂ ಕೇಳಿ, ಕೊಡುತ್ತಾಳೋ ಇಲ್ಲವೋ ಎಂದು ಹಾಗೆಯೇ ನೋಡುತ್ತಿದ್ದ. ಇಂಜಿನ್ನು ಶುರುವಾಯಿತು.

‘ಬೇಡ’ ಎಂದೆ.

ಪಕ್ಕದಲ್ಲಿದ್ದ ಮೇಲ್ವಿಚಾರಕಿಗೆ ಕೇಳಿಸಿತು. ಅವಳ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಕಡ್ಡಿ ಕಿವಿಗೆ ಕೈ ಹಚ್ಚಿ, ಏನು ಎಂದು ಸನ್ನೆಯಲ್ಲೇ ಕೇಳಿದ.

‘ಸಹಿ ಹಾಕ್ಬೇಡ.’

ಚಪ್ಪಾಳೆ ನಿಂತಿತು. ಹತ್ತಿರದವರೆಲ್ಲ ನನ್ನನ್ನೂ, ಆಮೇಲೆ ಮಾವನನ್ನೂ ನೋಡಿದರು. ನಿವೃತ್ತ ಸುಬೇದಾರರು, ಕೋಟಿನ ತುಂಬ ಪದಕ, ಸೊಸೆಯ ಈ ಮಾತನ್ನು ಹೇಗಾದರೂ ಮುಚ್ಚಿ ಮರ್ಯಾದೆ ಉಳಿಸುತ್ತಾರೆ ಎಂದು ಕಾದರು. ಲಾರಿ ಮುಂದಕ್ಕೆ ಸರಿಯಿತು. ಮಾವ ಕೋಲು ಊರಿ ಒಂದು ಹೆಜ್ಜೆ ಮುಂದೆ ಬಂದು ನನ್ನ ಪಕ್ಕ ನಿಂತರು.

‘ಇನ್ನೂ ಜೋರಾಗಿ ಹೇಳು ತಾಯಿ,’ ಎಂದರು. ‘ಅವನಿಗೆ ಕೇಳಿಸಿಲ್ಲ.’

ನಾನು ಓಡಿದೆ. ಎಲ್ಲರೆದುರು, ಲಾರಿಯ ಹೊಗೆಯಲ್ಲಿ, ಬೇಡ, ಬರಬೇಕು ನೀನು, ನಾನು ಬಿಡುವುದಿಲ್ಲ ಎಂದು ಕೂಗುತ್ತಾ ಓಡಿದೆ. ಗಂಟಲು ಹರಿದು ಉರಿಯುತ್ತಿತ್ತು, ಆ ಉರಿ ನನಗೆ ತಿಳಿಯುತ್ತಿತ್ತು. ಕಡ್ಡಿ ಕೇಳಿಸಿತು ಎಂದು ತಲೆಯಾಡಿಸಿದ. ಆಮೇಲೆ ಹಲಗೆಗೆ ಹಣೆ ಹಚ್ಚಿ, ಸಮವಸ್ತ್ರದವರ ನಡುವೆ, ಚಿಕ್ಕ ಹುಡುಗನ ಹಾಗೆ ಅಳತೊಡಗಿದ.